ಲಿನಕ್ಸ್‌ನಲ್ಲಿ ಯುಎಸ್‌ಬಿ ವೈಫೈ ಅಡಾಪ್ಟರ್: ಚಿಪ್ ಗುರುತಿಸುವುದರಿಂದ ಸಂಪರ್ಕ ಸಿಗುವವರೆಗೆ

ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಂಡವರು ಮೊದಲ ದಿನವೇ ಮುಗ್ಗರಿಸುವ ಜಾಗ ಸಾಮಾನ್ಯವಾಗಿ ವೈಫೈ. ಪರದೆ ಸರಿಯಾಗಿ ಬರುತ್ತದೆ, ಧ್ವನಿ ಕೇಳಿಸುತ್ತದೆ, ಎಷ್ಟೋ ಸಲ ಪ್ರಿಂಟರ್ ಕೂಡ ತಾನಾಗಿಯೇ ಸಿದ್ಧವಾಗುತ್ತದೆ. ಆದರೆ ಅಂಗಡಿಯಿಂದ ತಂದ, ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಯುಎಸ್‌ಬಿ ಅಡಾಪ್ಟರನ್ನು ಸಿಕ್ಕಿಸಿದರೆ ವೈಫೈ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ವಿಂಡೋಸ್ 11 ಹಿಡಿಸದ ಯಂತ್ರಗಳನ್ನು ಮೂಲೆಗೆ ತಳ್ಳದೆ ಲಿನಕ್ಸ್ ಹಾಕಿ ಬಳಸಲು ಹೊರಟವರು ಅನೇಕರಿದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ. ಬಹುಪಾಲು ಮಾತು ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಕುರಿತದ್ದು. ಲಿನಕ್ಸ್ ಅಲ್ಲದ ಬೇರೆ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗಳಾದ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮತ್ತು ಹೈಕು ಬಳಸುವವರಿಗೆ ಬೇಕಾದ ವಿವರ 'ಬಿಎಸ್‌ಡಿ ಮತ್ತು ಹೈಕು' ಎಂಬ ಭಾಗದಲ್ಲಿದೆ.

ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಕೊಡಬೇಕಾದ ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಅವನ್ನು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು. ದೊಡ್ಡಕ್ಷರ ಬೇಕಾದ ಕಡೆ ಅದನ್ನು ಬೇರೆಯಾಗಿ ಹೇಳಿದ್ದೇನೆ. 'ಸುಡೋ' ಎಂದು ಶುರುವಾಗುವ ಆಜ್ಞೆಗಳು ನಿಮ್ಮ ಪಾಸ್‌ವರ್ಡ್ ಕೇಳುತ್ತವೆ, ಅದನ್ನು ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದಿರಬಹುದು. ಅದು ದೋಷವಲ್ಲ.

ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬೇಡಿ

ಈ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಅಡಾಪ್ಟರ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದರೊಳಗಿನ ಚಿಪ್. ಪೆಟ್ಟಿಗೆಯ ಮೇಲಿರುವ ಕಂಪನಿಯ ಹೆಸರು, ಮಾದರಿಯ ಹೆಸರು ಎರಡೂ ಆ ಚಿಪ್ಪನ್ನು ಖಚಿತವಾಗಿ ಹೇಳುವುದಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಅದರ ಮೊದಲ ಆವೃತ್ತಿಯಲ್ಲಿ ಅಥೆರೋಸ್‌ನ ಎಆರ್9271 ಚಿಪ್ ಇತ್ತು, ಅದು ಲಿನಕ್ಸ್‌ನಲ್ಲಿ ಸಿಕ್ಕಿಸಿದ ಕೂಡಲೇ ನಡೆಯುತ್ತಿತ್ತು. ಎರಡನೆಯ ಆವೃತ್ತಿಯಿಂದ ಅದೇ ಹೊರಮೈ, ಅದೇ ಆಂಟೆನಾ, ಅದೇ ಮಾದರಿಯ ಹೆಸರಿನೊಳಗೆ ರಿಯಲ್‌ಟೆಕ್‌ನ ಆರ್‌ಟಿಎಲ್8188ಇಯುಎಸ್ ಬಂದು ಕುಳಿತಿತು, ಅದಕ್ಕೆ ಬೇಕಾದ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬೇರೆ. ಮೊದಲ ಆವೃತ್ತಿಯ ಹೊಗಳಿಕೆಯನ್ನು ಓದಿ ಎರಡನೆಯದನ್ನು ಕೊಂಡು ಪೇಚಾಡಿದವರು ಜಗತ್ತಿನಾದ್ಯಂತ ಇದ್ದಾರೆ. ಆದುದರಿಂದ 'ಇಂಥ ಕಂಪನಿಯದು ನಡೆಯುತ್ತದೆಯೇ' ಎಂದು ಹುಡುಕುವುದನ್ನು ಬಿಟ್ಟು, 'ನನ್ನ ಕೈಯಲ್ಲಿರುವುದರೊಳಗೆ ಯಾವ ಚಿಪ್ ಇದೆ' ಎಂಬಲ್ಲಿಂದ ಆರಂಭಿಸಿ.

ಮೊದಲು ಮೊಬೈಲ್‌ನಿಂದ ಇಂಟರ್ನೆಟ್ ಕೊಡಿ

ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಸಿಗಲು ಡ್ರೈವರ್ ಬೇಕು ಎಂಬ ಸುಳಿಯಿಂದ ಹೊರಬರುವ ಸುಲಭದ ದಾರಿ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದು ತಿಳಿದು ತಕ್ಷಣ ಸಂಪರ್ಕ ಪಡೆಯುತ್ತದೆ, ಯಾವ ಡ್ರೈವರನ್ನೂ ಹಾಕಬೇಕಿಲ್ಲ. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಮೊಬೈಲ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಟೆದರಿಂಗ್ ಆ ವೈಫೈಯನ್ನೇ ಕಂಪ್ಯೂಟರ್‌ಗೆ ಹಾಯಿಸುತ್ತದೆ, ಸಿಮ್‌ನ ಡೇಟಾ ಖರ್ಚಾಗುವುದಿಲ್ಲ. ಬರೀ ಚಾರ್ಜ್‌ಗೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದಿಲ್ಲ. ಟೆದರಿಂಗ್ ಆಯ್ಕೆ ಮಸುಕಾಗಿ ಕಂಡರೆ ಕೇಬಲ್ ಬದಲಿಸಿ ನೋಡಿ.

ಚಿಪ್ಪನ್ನು ಗುರುತಿಸುವುದು

ಅಡಾಪ್ಟರ್ ತೆಗೆದಿಟ್ಟು, ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ' ಎಂಬ ಆಜ್ಞೆಯನ್ನು ಕೊಡಿ. ಯುಎಸ್‌ಬಿಗೆ ಜೋಡಿಸಿದ ಸಾಧನಗಳ ಪಟ್ಟಿ ಬರುತ್ತದೆ. ಈಗ ಅಡಾಪ್ಟರನ್ನು ಸಿಕ್ಕಿಸಿ, ಎರಡು ಮೂರು ಸೆಕೆಂಡು ಬಿಟ್ಟು ಅದೇ ಆಜ್ಞೆಯನ್ನು ಮತ್ತೆ ಕೊಡಿ. ಹೊಸದಾಗಿ ಸೇರಿದ ಸಾಲು ನಿಮ್ಮ ಅಡಾಪ್ಟರಿನದು. ಆ ಸಾಲಿನಲ್ಲಿ 'ಐಡಿ' ಎಂಬುದರ ಮುಂದೆ ನಾಲ್ಕು ಅಕ್ಷರ, ನಡುವೆ ಎರಡು ಚುಕ್ಕಿ, ಮತ್ತೆ ನಾಲ್ಕು ಅಕ್ಷರ ಇರುತ್ತವೆ. ಮೊದಲ ನಾಲ್ಕು ತಯಾರಕರನ್ನು, ನಂತರದ ನಾಲ್ಕು ಸಾಧನವನ್ನು ಸೂಚಿಸುತ್ತವೆ. 0ಬಿಡಿಎ ಎಂದಿದ್ದರೆ ರಿಯಲ್‌ಟೆಕ್, 0ಇ8ಡಿ ಎಂದಿದ್ದರೆ ಮೀಡಿಯಾಟೆಕ್, 148ಎಫ್ ಎಂದಿದ್ದರೆ ರಾಲಿಂಕ್ (ಈ ಕಂಪನಿಯನ್ನು ಮೀಡಿಯಾಟೆಕ್ ಕೊಂಡುಕೊಂಡಿದೆ), 0ಸಿಎಫ್3 ಎಂದಿದ್ದರೆ ಅಥೆರೋಸ್. 2357 ಎಂಬುದು ಟಿಪಿ-ಲಿಂಕ್‌ನದು, 2001 ಡಿ-ಲಿಂಕ್‌ನದು. ಇಂಥ ಸಂಖ್ಯೆ ಬಂದಾಗ ಎಂಟೂ ಅಕ್ಷರಗಳನ್ನು ಸೇರಿಸಿ ಹುಡುಕಿದರೆ ಒಳಗಿನ ಚಿಪ್ ಯಾವುದೆಂಬುದು ತಿಳಿಯುತ್ತದೆ. ಈ ಎಂಟು ಅಕ್ಷರಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗಳೂ ಇದನ್ನೇ ಅವಲಂಬಿಸಿವೆ, ಯಾರಲ್ಲಿಯಾದರೂ ಸಹಾಯ ಕೇಳುವಾಗಲೂ ಮೊದಲು ಹೇಳಬೇಕಾದದ್ದು ಇದನ್ನೇ.

ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮನೆಯ ಡೆಸ್ಕ್‌ಟಾಪ್‌ನಲ್ಲಿ ಇದೇ ಕೆಲಸ ಮಾಡುವಾಗ ಒಂದು ವಿಚಿತ್ರ ಕಂಡೆ. ಪೇಟೆಯ ಅಂಗಡಿಯೊಂದರಿಂದ ತಂದ, ಹೆಸರೇ ಇಲ್ಲದ ಕಪ್ಪು ಅಡಾಪ್ಟರ್ ಅದು. ಸಿಕ್ಕಿಸಿದೊಡನೆ ಮಿಂಟ್‌ನ ಪರದೆಯ ಮೇಲೆ ಸಿಡಿಯ ಚಿತ್ರವೊಂದು ಮೂಡಿತು. ಯಂತ್ರದಲ್ಲಿ ಸಿಡಿ ಡ್ರೈವೇ ಇರಲಿಲ್ಲ. 'ಎಲ್‌ಎಸ್‌ಯುಎಸ್‌ಬಿ' ಕೊಟ್ಟಾಗ ಬಂದ ಐಡಿ 0ಬಿಡಿಎ:1ಎ2ಬಿ. ಅದರ ಮುಂದೆ ವೈಫೈ ಎಂದಿರಬೇಕಾದ ಕಡೆ 'ಡಿಸ್ಕ್' ಎಂದಿತ್ತು. ಚಿಕ್ಕಮ್ಮ ಪಕ್ಕದಲ್ಲಿ ನಿಂತು, "ಅಂಗಡಿಯವ ಬೇರೆ ಏನನ್ನೋ ಕೊಟ್ಟು ಕಳಿಸಿದ್ನನಾ?" ಎಂದು ಕೇಳಿದರು. ಅಂಗಡಿಯವರ ತಪ್ಪೇನೂ ಇರಲಿಲ್ಲ. ವಿಂಡೋಸ್ ಬಳಕೆದಾರರಿಗೆ ಅನುಕೂಲವಾಗಲೆಂದು ತಯಾರಕರು ವಿಂಡೋಸ್ ಡ್ರೈವರನ್ನು ಅಡಾಪ್ಟರಿನೊಳಗೇ ತುಂಬಿ, ಸಿಕ್ಕಿಸಿದಾಗ ಅದು ಮೊದಲು ಸಿಡಿಯಂತೆ ತೋರುವ ಹಾಗೆ ಮಾಡಿರುತ್ತಾರೆ. ಡ್ರೈವರ್ ಇದ್ದ ಮೇಲೆ ಅದು ಸಿಡಿಯ ವೇಷ ಕಳಚಿ ವೈಫೈ ಆಗುತ್ತದೆ. ಲಿನಕ್ಸ್‌ನಲ್ಲಿ ಆ ವೇಷವನ್ನು ನಾವೇ ಕಳಚಬೇಕು.

ಅದಕ್ಕೆ 'ಯುಎಸ್‌ಬಿ-ಮೋಡ್‌ಸ್ವಿಚ್' ಎಂಬ ಪ್ಯಾಕೇಜ್ ಇದೆ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಅದನ್ನು 'ಸುಡೋ ಎಪಿಟಿ ಇನ್‌ಸ್ಟಾಲ್ ಯುಎಸ್‌ಬಿ-ಮೋಡ್‌ಸ್ವಿಚ್' ಎಂದು ಕೊಟ್ಟು ಹಾಕಿಕೊಳ್ಳಬಹುದು. ಪ್ಯಾಕೇಜ್ ಇದ್ದರೆ ಕೆಲವು ಸಲ ತಾನಾಗಿಯೇ ಬದಲಾವಣೆ ಆಗುತ್ತದೆ. ಆಗದಿದ್ದರೆ 'ಸುಡೋ ಯುಎಸ್‌ಬಿ_ಮೋಡ್‌ಸ್ವಿಚ್ -ಕೆಡಬ್ಲ್ಯು -ವಿ 0ಬಿಡಿಎ -ಪಿ 1ಎ2ಬಿ' ಎಂದು ಕೊಡಬೇಕು. ಇಲ್ಲಿ ಪದಗಳ ನಡುವೆ ಇರುವುದು ಅಡಿಗೆರೆ, ಕೆ ಮತ್ತು ಡಬ್ಲ್ಯು ಎರಡು ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ. ಪರದೆಯ ಮೇಲಿನ ಸಿಡಿಯ ಚಿತ್ರದ ಮೇಲೆ ಬಲ ಗುಂಡಿ ಒತ್ತಿ 'ಇಜೆಕ್ಟ್' ಮಾಡಿದರೂ ಎಷ್ಟೋ ಅಡಾಪ್ಟರ್‌ಗಳಿಗೆ ಸಾಕಾಗುತ್ತದೆ. ನಾನು ಹಾಗೆ ಮಾಡಿದ ಮೇಲೆ ಮತ್ತೆ ಪಟ್ಟಿ ನೋಡಿದರೆ ಐಡಿ 0ಬಿಡಿಎ:ಸಿ811 ಎಂದು ಬದಲಾಗಿತ್ತು. ಅಂದರೆ ಒಳಗಿದ್ದದ್ದು ಆರ್‌ಟಿಎಲ್8821ಸಿಯು ಕುಟುಂಬದ ಚಿಪ್. ಚಿಪ್ ಸಿಕ್ಕಿತು, ಆದರೂ ವೈಫೈ ಪಟ್ಟಿ ಖಾಲಿಯೇ ಇತ್ತು. ಅದಕ್ಕೆ ಕಾರಣ ಮುಂದಿದೆ.

ಕರ್ನೆಲ್‌ನ ವಯಸ್ಸು ನೋಡಿ

ವಿಂಡೋಸ್‌ನಲ್ಲಿ ಡ್ರೈವರ್ ಎಂಬುದು ತಯಾರಕರು ಕೊಡುವ ಬೇರೆ ವಸ್ತು. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನೆಲ್‌ನ, ಅಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ಲಿನಕ್ಸ್‌ನ ತಿರುಳಿನ, ಭಾಗವಾಗಿಯೇ ಬರುತ್ತವೆ. ಆದುದರಿಂದ ನಿಮ್ಮ ಕರ್ನೆಲ್ ಆ ಚಿಪ್ಪಿನ ಡ್ರೈವರ್ ಸೇರುವ ಮೊದಲಿನದಾದರೆ ಹೊರಗಿನ ಡ್ರೈವರ್ ಹಾಕದೆ ಅಡಾಪ್ಟರ್ ಏಳುವುದಿಲ್ಲ, ನಂತರದ್ದಾದರೆ ಸಾಮಾನ್ಯವಾಗಿ ನೀವು ಏನೂ ಮಾಡಬೇಕಾಗಿಯೇ ಇರುವುದಿಲ್ಲ. 'ಯುನೇಮ್ -ಆರ್' ಎಂದು ಕೊಟ್ಟರೆ ಕರ್ನೆಲ್‌ನ ಆವೃತ್ತಿ ತಿಳಿಯುತ್ತದೆ.

ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಚಿಪ್‌ಗಳ ಜಾತಕ ಹೀಗಿದೆ. ಅಥೆರೋಸ್ ಎಆರ್9271ಕ್ಕೆ 2010ರಿಂದಲೇ ಡ್ರೈವರ್ ಇದೆ, ಅದರ ಫರ್ಮ್‌ವೇರ್ (ಅಡಾಪ್ಟರಿನೊಳಗೇ ನಡೆಯುವ ತಂತ್ರಾಂಶ) ಕೂಡ ಮುಕ್ತವಾಗಿರುವುದರಿಂದ ಎಲ್ಲ ಕಡೆ ನಿರಾಯಾಸವಾಗಿ ನಡೆಯುತ್ತದೆ, 2.4 ಗಿಗಾಹರ್ಟ್ಸ್‌ಗೆ ಸೀಮಿತ ಎಂಬುದೊಂದೇ ಕೊರತೆ. ರಾಲಿಂಕ್ ಆರ್‌ಟಿ5370 ಕೂಡ ಹಳೆಯ, ನಂಬಬಹುದಾದ ಚಿಪ್. ಮೀಡಿಯಾಟೆಕ್ ಎಂಟಿ7601ಯು 2015ರ 4.2 ಕರ್ನೆಲ್‌ನಿಂದ, 5 ಗಿಗಾಹರ್ಟ್ಸ್ ಕೂಡ ಹಿಡಿಯುವ ಎಂಟಿ7610ಯು ಮತ್ತು ಎಂಟಿ7612ಯು 2018ರ 4.19ರಿಂದ, ವೈಫೈ 6ರ ಎಂಟಿ7921ಎಯು 2022ರ 5.18ರಿಂದ ಬೆಂಬಲ ಪಡೆದಿವೆ.

ರಿಯಲ್‌ಟೆಕ್‌ನ ಕಥೆ ಇಷ್ಟು ಸರಳವಲ್ಲ, ತೊಂದರೆಯ ಬಹುಪಾಲು ಇರುವುದೂ ಇಲ್ಲಿಯೇ. ಈ ಕಂಪನಿಯ ಚಿಪ್‌ಗಳು ಅಗ್ಗದ ಅಡಾಪ್ಟರ್‌ಗಳಲ್ಲೆಲ್ಲ ತುಂಬಿಕೊಂಡಿದ್ದರೂ ಯುಎಸ್‌ಬಿ ಡ್ರೈವರ್‌ಗಳು ಕರ್ನೆಲ್ ಸೇರಿದ್ದು ನಿಧಾನವಾಗಿ, ಅದರಲ್ಲಿ ಸ್ವಯಂಪ್ರೇರಿತರಾಗಿ ದುಡಿದವರ ಪಾಲು ದೊಡ್ಡದು. ಆರ್‌ಟಿಎಲ್8821ಸಿಯು, 8822ಬಿಯು, 8822ಸಿಯು ಚಿಪ್‌ಗಳಿಗೆ 2023ರ ಫೆಬ್ರುವರಿಯಲ್ಲಿ ಬಂದ 6.2 ಕರ್ನೆಲ್ ಬೇಕು. 8188ಇಯು ಚಿಪ್ಪಿಗೆ ಈಗಿನ ಉತ್ತಮ ಡ್ರೈವರ್ ಸೇರಿದ್ದು 6.3ರಲ್ಲಿ. ಆಂಟೆನಾ ಇರುವ ಜನಪ್ರಿಯ ಅಡಾಪ್ಟರ್‌ಗಳಲ್ಲಿ ಸಿಗುವ 8812ಎಯು ಮತ್ತು 8821ಎಯು ವರ್ಷಗಟ್ಟಲೆ ಹೊರಗೇ ಉಳಿದಿದ್ದವು. 2025ರ ಮಾರ್ಚ್‌ನ 6.14 ಅಥವಾ ಅದಕ್ಕಿಂತ ಹೊಸ ಕರ್ನೆಲ್ ಇದ್ದರೆ ಇವು ಕೂಡ ಹೊರಗಿನ ನೆರವಿಲ್ಲದೆ ನಡೆಯುತ್ತವೆ.

ಈಗ ಇದನ್ನು ನಿಮ್ಮ ವ್ಯವಸ್ಥೆಯೊಂದಿಗೆ ತಾಳೆ ನೋಡಿ. ಡೆಬಿಯನ್ 12 ಬರುವುದು 6.1 ಕರ್ನೆಲ್‌ನೊಂದಿಗೆ, ಡೆಬಿಯನ್ 13 ಬರುವುದು 6.12ರೊಂದಿಗೆ. ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 22 ಮೊದಲು ಬಂದದ್ದು 6.8ರೊಂದಿಗೆ. ಚಿಕ್ಕಪ್ಪನ ಯಂತ್ರದಲ್ಲಿದ್ದದ್ದು ಮಿಂಟ್ 21, ಅದರ ಕರ್ನೆಲ್ 5.15; 6.2 ಬೇಕಾದ ಚಿಪ್ ಅಲ್ಲಿ ಏಳುವ ಮಾತೇ ಇರಲಿಲ್ಲ. ಮೊಬೈಲ್ ಟೆದರಿಂಗ್ ಕೊಟ್ಟು, ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ತೆರೆದು, 'ವ್ಯೂ' ಪಟ್ಟಿಯಲ್ಲಿರುವ 'ಲಿನಕ್ಸ್ ಕರ್ನೆಲ್ಸ್' ಎಂಬಲ್ಲಿ 6.8 ಸರಣಿಯನ್ನು ಆರಿಸಿ ಹಾಕಿದೆ. ಯಂತ್ರವನ್ನು ಮತ್ತೆ ಶುರು ಮಾಡಿ, ಅಡಾಪ್ಟರ್ ಸಿಕ್ಕಿಸಿ, ಸಿಡಿಯನ್ನು ಹೊರಹಾಕಿದ ಕೂಡಲೇ ಅದರ ತುದಿಯಲ್ಲಿ ಅಲ್ಲಿಯತನಕ ಒಮ್ಮೆಯೂ ಬೆಳಗದಿದ್ದ ನೀಲಿ ದೀಪ ಮಿಣುಕತೊಡಗಿತು, ವೈಫೈ ಪಟ್ಟಿಯಲ್ಲಿ ಮನೆಯ ರೂಟರಿನ ಹೆಸರು ಕಾಣಿಸಿತು. ಹೊಸ ಕರ್ನೆಲ್ ಹಾಕಿದ ಮೇಲೂ ಹಳೆಯದು ಹಾಗೆಯೇ ಉಳಿದಿರುತ್ತದೆ. ಏನಾದರೂ ಕೆಟ್ಟರೆ ಬೂಟ್ ಆಗುವಾಗ ಗ್ರಬ್ ಪಟ್ಟಿಯಲ್ಲಿ ಅದನ್ನೇ ಆರಿಸಿಕೊಳ್ಳಬಹುದು. ಆದುದರಿಂದ ಭಯಪಡದೆ ಮೊದಲು ಈ ಉಪಾಯವನ್ನೇ ಮಾಡಿ ಎನ್ನುವುದು ನನ್ನ ಸಲಹೆ. ಉಬುಂಟುವಿನಲ್ಲಿ 'ಎಚ್‌ಡಬ್ಲ್ಯುಇ' ಕರ್ನೆಲ್, ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಕರ್ನೆಲ್ ಇದೇ ಕೆಲಸ ಮಾಡುತ್ತವೆ.

ಕರ್ನೆಲ್ ಏನು ಹೇಳುತ್ತಿದೆ ಎಂದು ಓದಿ

ಕರ್ನೆಲ್ ಸಾಕಷ್ಟು ಹೊಸದಾಗಿದ್ದೂ ಅಡಾಪ್ಟರ್ ಏಳದಿದ್ದರೆ, ಅದನ್ನು ಕಿತ್ತು ಮತ್ತೆ ಸಿಕ್ಕಿಸಿ, ಕೂಡಲೇ 'ಸುಡೋ ಡಿಎಂಇಎಸ್‌ಜಿ' ಎಂದು ಕೊಟ್ಟು ಕೊನೆಯ ಇಪ್ಪತ್ತು ಮೂವತ್ತು ಸಾಲುಗಳನ್ನು ಸಾವಧಾನವಾಗಿ ಓದಿ. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ಸಮಸ್ಯೆಗಳಿಗೆ ಯಾರನ್ನೂ ಕೇಳಬೇಕಾಗುವುದಿಲ್ಲ.

'ಫರ್ಮ್‌ವೇರ್ ಲೋಡ್ ... ಫೇಲ್ಡ್ ವಿತ್ ಎರರ್ -2' ಎಂಬ ಸಾಲು ಇದ್ದರೆ ಡ್ರೈವರ್ ಇದೆ, ಅದಕ್ಕೆ ಬೇಕಾದ ಫರ್ಮ್‌ವೇರ್ ಕಡತ ಇಲ್ಲ ಎಂದು ಅರ್ಥ. ಫರ್ಮ್‌ವೇರ್ ಎಂದರೆ ಅಡಾಪ್ಟರಿನೊಳಗಿನ ಪುಟ್ಟ ಸಂಸ್ಕಾರಕದಲ್ಲಿ ನಡೆಯುವ ತಂತ್ರಾಂಶ. ಸಿಕ್ಕಿಸಿದ ಪ್ರತಿ ಸಲವೂ ಡ್ರೈವರ್ ಅದನ್ನು /ಲಿಬ್/ಫರ್ಮ್‌ವೇರ್ ಎಂಬ ಕಡತಕೋಶದಿಂದ ತೆಗೆದು ಅಡಾಪ್ಟರಿಗೆ ತುಂಬಬೇಕು. ಉಬುಂಟು ಮತ್ತು ಮಿಂಟ್‌ನಲ್ಲಿ ಎಲ್ಲವೂ 'ಲಿನಕ್ಸ್-ಫರ್ಮ್‌ವೇರ್' ಎಂಬ ಒಂದೇ ಪ್ಯಾಕೇಜ್‌ನಲ್ಲಿ ಬರುತ್ತವೆ. ಡೆಬಿಯನ್‌ನಲ್ಲಿ ಅವು ಬೇರೆ ಬೇರೆಯಾಗಿದ್ದು, ರಿಯಲ್‌ಟೆಕ್‌ಗೆ 'ಫರ್ಮ್‌ವೇರ್-ರಿಯಲ್‌ಟೆಕ್' ಎಂಬುದನ್ನು ಹಾಕಬೇಕು. ಡೆಬಿಯನ್ ಮುಕ್ತವಲ್ಲದ ಫರ್ಮ್‌ವೇರನ್ನು ಬಹಳ ಕಾಲ ತನ್ನ ಅಧಿಕೃತ ಅನುಸ್ಥಾಪನಾ ಕಡತದಿಂದ (ಐಎಸ್‌ಒ) ಹೊರಗಿಟ್ಟಿತ್ತು; 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದನ್ನು ಒಳಗೆ ಸೇರಿಸಿ, ಅದಕ್ಕೆಂದೇ 'ನಾನ್-ಫ್ರೀ-ಫರ್ಮ್‌ವೇರ್' ಎಂಬ ವಿಭಾಗವನ್ನು ತೆರೆದಿದೆ. ಹಳೆಯ ಡೆಬಿಯನ್‌ನಿಂದ ಮೇಲೇರಿಸಿಕೊಂಡು ಬಂದವರ ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ ಈ ವಿಭಾಗ ಇರದಿರಬಹುದು, ಅದನ್ನು ಸೇರಿಸಿಕೊಳ್ಳಿ.

'ಎರರ್ -71' ಅಥವಾ 'ಎರರ್ -110' ಎಂದು ಮತ್ತೆ ಮತ್ತೆ ಬರುತ್ತಿದ್ದರೆ ಡ್ರೈವರನ್ನು ಹುಡುಕುತ್ತಾ ಕೂರಬೇಡಿ. ಅದು ಕಂಪ್ಯೂಟರಿಗೂ ಅಡಾಪ್ಟರಿಗೂ ನಡುವಿನ ಮಾತುಕತೆ ಕಡಿದುಹೋಗುತ್ತಿರುವ ಲಕ್ಷಣ: ಸಡಿಲವಾದ ಪೋರ್ಟ್, ಕೆಟ್ಟ ಕೇಬಲ್, ವಿದ್ಯುತ್ ಸಾಲದ ಹಬ್, ಅಥವಾ ಅಡಾಪ್ಟರೇ ಹಾಳಾಗಿರುವುದು. ಡೆಸ್ಕ್‌ಟಾಪ್‌ನ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದಲ್ಲಿ, ನೇರವಾಗಿ ಮದರ್‌ಬೋರ್ಡ್ ಮೇಲಿರುವ ಪೋರ್ಟ್‌ನಲ್ಲಿ ಸಿಕ್ಕಿಸಿ ನೋಡಿ.

ಸಂಪರ್ಕ ಪಡೆಯುವುದು

ಎಲ್ಲವೂ ಸರಿಯಿದ್ದರೆ 'ಎನ್‌ಎಂಸಿಎಲ್‌ಐ ಡಿವೈಸ್' ಎಂಬ ಆಜ್ಞೆಗೆ ಉತ್ತರವಾಗಿ ವೈಫೈ ಎಂಬ ಸಾಲು ಬರುತ್ತದೆ. ಅಲ್ಲಿ ಸಾಧನದ ಹೆಸರು 'ಡಬ್ಲ್ಯುಎಲ್‌ಎಕ್ಸ್' ಎಂದು ಆರಂಭವಾಗಿ ಮುಂದೆ ಹನ್ನೆರಡು ಅಕ್ಷರಗಳ ಸರವಾಗಿದ್ದರೆ ಗಾಬರಿಯಾಗಬೇಡಿ. ಆ ಹನ್ನೆರಡು ಅಕ್ಷರಗಳು ಅಡಾಪ್ಟರಿನ ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಸಾಧನಕ್ಕೂ ಇರುವ ಗುರುತು ಸಂಖ್ಯೆ), ಯಾವ ಪೋರ್ಟ್‌ಗೆ ಹಾಕಿದರೂ ಹೆಸರು ಬದಲಾಗದಿರಲೆಂದು ಹಾಗೆ ಇಡಲಾಗುತ್ತದೆ. 'ಅನ್‌ಅವೇಲಬಲ್' ಎಂದು ತೋರಿಸಿದರೆ 'ಆರ್‌ಎಫ್‌ಕಿಲ್ ಲಿಸ್ಟ್' ಕೊಟ್ಟು ನೋಡಿ. 'ಸಾಫ್ಟ್ ಬ್ಲಾಕ್ಡ್: ಯೆಸ್' ಎಂದಿದ್ದರೆ 'ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು. 'ಹಾರ್ಡ್ ಬ್ಲಾಕ್ಡ್' ಎಂದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಆರಿಸುವ ಗುಂಡಿ ಎಲ್ಲೋ ಇದೆ, ಅದನ್ನು ಹುಡುಕಿ ಒತ್ತಬೇಕು.

ಅಲ್ಲಿಂದ ಮುಂದೆ ಪರದೆಯ ಮೂಲೆಯ ವೈಫೈ ಚಿತ್ರವನ್ನು ಒತ್ತಿ ಪಾಸ್‌ವರ್ಡ್ ಕೊಟ್ಟರಾಯಿತು. ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರೆ ಎರಡು ಕಡೆ ಗಮನಿಸಿ. ರೂಟರ್‌ನಲ್ಲಿ ಭದ್ರತೆ ಬರೀ ಡಬ್ಲ್ಯುಪಿಎ3 ಎಂದಿದ್ದರೆ ಹಳೆಯ ಚಿಪ್‌ಗಳು ಸೇರಲಾರವು, ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಮಿಶ್ರ ಆಯ್ಕೆಗೆ ಬದಲಿಸಿ. ಎರಡನೆಯದಾಗಿ, ನೆಟ್‌ವರ್ಕ್ ಮ್ಯಾನೇಜರ್ ಖಾಸಗಿತನದ ಸಲುವಾಗಿ ಹುಡುಕುವಾಗ ಮ್ಯಾಕ್ ವಿಳಾಸವನ್ನು ಆಗಾಗ ಬದಲಿಸುತ್ತದೆ, ಕೆಲವು ರಿಯಲ್‌ಟೆಕ್ ಡ್ರೈವರ್‌ಗಳು ಇದರಿಂದ ಗೊಂದಲಕ್ಕೀಡಾಗುತ್ತವೆ. /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ ಎಂಬ ಕಡತಕೋಶದಲ್ಲಿ (ಎನ್ ಮತ್ತು ಎಂ ದೊಡ್ಡಕ್ಷರ) '.ಕಾನ್ಫ್' ಎಂದು ಮುಗಿಯುವ ಹೊಸ ಕಡತವೊಂದನ್ನು ಮಾಡಿ, ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ 'ಡಿವೈಸ್' ಎಂದೂ ಎರಡನೆಯ ಸಾಲಿನಲ್ಲಿ 'ವೈಫೈ.ಸ್ಕ್ಯಾನ್-ರ‍್ಯಾಂಡ್-ಮ್ಯಾಕ್-ಅಡ್ರೆಸ್=ನೋ' ಎಂದೂ ಬರೆದು ಯಂತ್ರವನ್ನು ಮತ್ತೆ ಶುರು ಮಾಡಿ.

ಕರ್ನೆಲ್‌ನಲ್ಲಿ ಡ್ರೈವರ್ ಇಲ್ಲದಿದ್ದರೆ

ಹೊಸ ಕರ್ನೆಲ್ ಹಾಕಲು ಆಗದವರು, ಅಥವಾ ಕರ್ನೆಲ್‌ಗೆ ಇನ್ನೂ ಸೇರದ ಚಿಪ್ ಇರುವವರು ಮಾತ್ರ ಹೊರಗಿನ ಡ್ರೈವರಿನ ದಾರಿ ಹಿಡಿಯಬೇಕು. ಇದನ್ನು ನಾನು ಬೇಕೆಂದೇ ಇಷ್ಟು ಹಿಂದಕ್ಕೆ ಇಟ್ಟಿದ್ದೇನೆ, ಏಕೆಂದರೆ ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವ ಸಲಹೆ ಇದೇ ಆಗಿದ್ದು, ಅಗತ್ಯವಿಲ್ಲದವರೂ ಇದನ್ನು ಮಾಡಿ ಯಂತ್ರವನ್ನು ಗೋಜಲು ಮಾಡಿಕೊಳ್ಳುತ್ತಾರೆ.

ಮಾಡಲೇಬೇಕಾದರೆ ಮೂರು ವಸ್ತುಗಳು ಬೇಕು: ಕಂಪೈಲರ್ ಇರುವ 'ಬಿಲ್ಡ್-ಎಸೆನ್ಶಿಯಲ್' ಪ್ಯಾಕೇಜ್, ನಡೆಯುತ್ತಿರುವ ಕರ್ನೆಲ್‌ನ ಹೆಡರ್ ಕಡತಗಳು, ಮತ್ತು 'ಡಿಕೆಎಂಎಸ್'. ಈ ಮೂರನೆಯದನ್ನು ಬಿಡಲೇಬೇಡಿ. ಡಿಕೆಎಂಎಸ್ ಇಲ್ಲದೆ ಕಟ್ಟಿದ ಡ್ರೈವರ್ ಆ ಒಂದು ಕರ್ನೆಲ್‌ಗೆ ಮಾತ್ರ ಹೊಂದುತ್ತದೆ. ಮುಂದಿನ ಅಪ್‌ಡೇಟ್‌ನಲ್ಲಿ ಕರ್ನೆಲ್ ಬದಲಾದ ಮರುಕ್ಷಣ ವೈಫೈ ಮಾಯವಾಗುತ್ತದೆ, 'ನಿನ್ನೆ ಸರಿಯಿತ್ತಲ್ಲ' ಎಂದು ತಲೆ ಕೆರೆದುಕೊಳ್ಳುವಂತಾಗುತ್ತದೆ. ಡಿಕೆಎಂಎಸ್ ಇದ್ದರೆ ಹೊಸ ಕರ್ನೆಲ್ ಬಂದಾಗಲೆಲ್ಲ ಡ್ರೈವರನ್ನು ಅದೇ ಮತ್ತೆ ಕಟ್ಟುತ್ತದೆ. ಡ್ರೈವರಿನ ಮೂಲವನ್ನು ಆರಿಸುವಾಗ ಚಿಪ್ಪಿನ ಹೆಸರು ಅಕ್ಷರಶಃ ಹೊಂದುತ್ತದೆಯೇ (8821ಎಯು ಮತ್ತು 8821ಸಿಯು ಬೇರೆ ಬೇರೆ), ಇತ್ತೀಚಿನ ತಿಂಗಳುಗಳಲ್ಲಿ ಅದರಲ್ಲಿ ಕೆಲಸ ನಡೆದಿದೆಯೇ, ನಿಮ್ಮ ಕರ್ನೆಲ್ ಆವೃತ್ತಿಯನ್ನು ಅದು ಹೆಸರಿಸಿದೆಯೇ ಎಂದು ನೋಡಿ.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇರುವ ಯಂತ್ರಗಳಲ್ಲಿ ಹೀಗೆ ಕಟ್ಟಿದ ಡ್ರೈವರನ್ನು ಕರ್ನೆಲ್ ಒಪ್ಪುವುದಿಲ್ಲ, 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎನ್ನುತ್ತದೆ. ಉಬುಂಟುವಿನಲ್ಲಿ ಡಿಕೆಎಂಎಸ್ ಹಾಕುವಾಗ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳಲಾಗುತ್ತದೆ. ಯಂತ್ರ ಮತ್ತೆ ಶುರುವಾಗುವಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಎಂಬುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಸಹಿ ನೋಂದಣಿಯಾಗುತ್ತದೆ. ಆ ಪರದೆ ಕೆಲವೇ ಸೆಕೆಂಡು ಕಾಯುತ್ತದೆಯಾದ್ದರಿಂದ ಅಷ್ಟು ಹೊತ್ತು ಯಂತ್ರದ ಮುಂದೆಯೇ ಇರಿ. ಮುಂದೆ ಹೊಸ ಕರ್ನೆಲ್‌ಗೆ ಹೋದಾಗ ಹೊರಗಿನ ಡ್ರೈವರನ್ನು ತೆಗೆದುಹಾಕುವುದನ್ನು ಮರೆಯಬೇಡಿ, ಒಂದೇ ಚಿಪ್ಪಿಗೆ ಎರಡು ಡ್ರೈವರ್‌ಗಳು ಜಗಳವಾಡಿದರೆ ಎರಡೂ ನಡೆಯವು. ವಿಂಡೋಸ್ ಎಕ್ಸ್‌ಪಿ ಕಾಲದ ಡ್ರೈವರನ್ನು 'ಎನ್‌ಡಿಐಎಸ್‌ರ‍್ಯಾಪರ್' ಮೂಲಕ ಓಡಿಸಿ ಎನ್ನುವ ಹಳೆಯ ಬರಹಗಳು ಈಗಲೂ ಸಿಗುತ್ತವೆ, ಆ ಕಡೆ ಹೋಗಬೇಡಿ.

ಸಿಕ್ಕ ಸಂಪರ್ಕ ತಡೆದು ತಡೆದು ನಡೆದರೆ

ಹತ್ತು ನಿಮಿಷ ಸರಿಯಿದ್ದು ಮತ್ತೆ ಕಡಿದುಹೋಗುವುದಕ್ಕೆ ಸಾಮಾನ್ಯ ಕಾರಣ ವಿದ್ಯುತ್ ಉಳಿತಾಯ. 'ಸುಡೋ ಐಡಬ್ಲ್ಯು ಡೆವ್' ಎಂದು ಬರೆದು, ಮುಂದೆ ಸಾಧನದ ಹೆಸರು ಕೊಟ್ಟು, 'ಸೆಟ್ ಪವರ್_ಸೇವ್ ಆಫ್' ಎಂದು ಮುಗಿಸಿದರೆ ಅದು ಆ ಹೊತ್ತಿಗೆ ನಿಲ್ಲುತ್ತದೆ. ಇದರಿಂದ ಗುಣ ಕಂಡರೆ, ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಅದೇ ಕಡತಕೋಶದಲ್ಲಿರುವ 'ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್.ಕಾನ್ಫ್' ಕಡತದಲ್ಲಿ 3 ಇರುವಲ್ಲಿ 2 ಎಂದು ಬದಲಿಸಿ, ಅದು ಶಾಶ್ವತವಾಗುತ್ತದೆ.

ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಯುಎಸ್‌ಬಿ 3.0 ಪೋರ್ಟ್‌ಗಳು ಡೇಟಾ ಸಾಗಿಸುವಾಗ 2.4 ಗಿಗಾಹರ್ಟ್ಸ್ ಸುತ್ತಲೂ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಪುಟ್ಟ ಅಡಾಪ್ಟರನ್ನು ಯುಎಸ್‌ಬಿ 3 ಪೋರ್ಟ್‌ನಲ್ಲಿ ಹಾಕಿ, ಪಕ್ಕದಲ್ಲೇ ಬಾಹ್ಯ ಹಾರ್ಡ್ ಡಿಸ್ಕ್ ಜೋಡಿಸಿದರೆ ಕಡತ ನಕಲಾಗುವಾಗಲೆಲ್ಲ ವೈಫೈ ಕುಂಟುತ್ತದೆ. 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಅಡಾಪ್ಟರಾದರೆ ಕಪ್ಪು ನಾಲಗೆಯ ಯುಎಸ್‌ಬಿ 2 ಪೋರ್ಟ್‌ಗೆ ಹಾಕಿ, ಇಲ್ಲವೇ ಒಂದು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತನ್ನಿ. ಕಬ್ಬಿಣದ ಕ್ಯಾಬಿನೆಟ್‌ನ ಹಿಂದೆ, ಗೋಡೆಗೆ ಮುಖ ಮಾಡಿ ಕೂತ ಅಡಾಪ್ಟರಿಗೆ ಈ ಕೇಬಲ್ ಮಾಡುವ ಉಪಕಾರ ದೊಡ್ಡದು.

ರೂಟರಿನ ಹೆಸರೇ ಕಾಣದಿದ್ದರೆ 'ಐಡಬ್ಲ್ಯು ರೆಗ್ ಗೆಟ್' ಕೊಟ್ಟು ದೇಶದ ಸಂಕೇತ ನೋಡಿ. ಅದು 'ಯುಎಸ್' ಎಂದಿದ್ದರೆ ಅಮೆರಿಕದಲ್ಲಿ ಬಳಸದ 12 ಮತ್ತು 13ನೇ ಚಾನೆಲ್‌ಗಳನ್ನು ಅಡಾಪ್ಟರ್ ಹುಡುಕುವುದೇ ಇಲ್ಲ, ನಿಮ್ಮ ರೂಟರ್ ಅಲ್ಲಿದ್ದರೆ ಕಾಣುವುದಿಲ್ಲ. 'ಸುಡೋ ಐಡಬ್ಲ್ಯು ರೆಗ್ ಸೆಟ್ ಐಎನ್' (ಐ, ಎನ್ ದೊಡ್ಡಕ್ಷರ) ಎಂದು ಭಾರತದ ಸಂಕೇತ ಕೊಡಿ. ನಮ್ಮಲ್ಲಿ 2018ರ ಅಕ್ಟೋಬರ್‌ನ ಅಧಿಸೂಚನೆಯ ನಂತರ 5150ರಿಂದ 5350 ಮತ್ತು 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗಳನ್ನು ಪರವಾನಗಿಯಿಲ್ಲದೆ ಬಳಸಬಹುದಾಗಿದೆ. ಆದುದರಿಂದ 5 ಗಿಗಾಹರ್ಟ್ಸ್ ಹಿಡಿಯುವ ಅಡಾಪ್ಟರಿದ್ದರೆ ಅದರಲ್ಲೇ ಸೇರಿಕೊಳ್ಳುವುದು ಒಳ್ಳೆಯದು, ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್ ಸಂತೆಯಂತೆ ಗಿಜಿಗುಡುತ್ತಿರುತ್ತದೆ.

ಬಿಎಸ್‌ಡಿ ಮತ್ತು ಹೈಕು

ಈ ವ್ಯವಸ್ಥೆಗಳಲ್ಲಿ ಚಿಪ್ ಆರಿಸುವ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಡ್ರೈವರ್‌ಗಳ ಸಂಖ್ಯೆ ಕಡಿಮೆ. ಹಳೆಯ ಚಿಪ್ ಇಲ್ಲಿ ಗುಣವೇ ಆಗುತ್ತದೆ. ಫ್ರೀಬಿಎಸ್‌ಡಿಯಲ್ಲಿ 'ಯುಎಸ್‌ಬಿಕಾನ್ಫಿಗ್' ಎಂಬುದರಿಂದ ಸಾಧನವನ್ನು ನೋಡಬಹುದು. ರಿಯಲ್‌ಟೆಕ್‌ನ 8188ಸಿಯು, 8188ಇಯು, 8192ಸಿಯು, 8812ಎಯು, 8821ಎಯು ಚಿಪ್‌ಗಳಿಗೆ 'ಆರ್‌ಟಿಡಬ್ಲ್ಯುಎನ್' ಡ್ರೈವರ್, ರಾಲಿಂಕ್ ಚಿಪ್‌ಗಳಿಗೆ 'ರನ್' ಡ್ರೈವರ್ ಇದೆ. 'ಕೆಎಲ್‌ಡಿಲೋಡ್ ಐಎಫ್_ಆರ್‌ಟಿಡಬ್ಲ್ಯುಎನ್_ಯುಎಸ್‌ಬಿ' ಎಂದು ಡ್ರೈವರನ್ನು ಏರಿಸಿದ ಮೇಲೆ, ಲಿನಕ್ಸ್‌ನಂತೆ ನೇರವಾಗಿ ಬಳಸಲು ಬರುವುದಿಲ್ಲ. ಅದರ ಮೇಲೆ 'ಡಬ್ಲ್ಯುಲ್ಯಾನ್0' ಎಂಬ ಸಾಧನವನ್ನು ಸೃಷ್ಟಿಸುವಂತೆ ಆರ್‌ಸಿ.ಕಾನ್ಫ್ ಕಡತದಲ್ಲಿ ಬರೆಯಬೇಕು, ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಡಬ್ಲ್ಯುಪಿಎ_ಸಪ್ಲಿಕಂಟ್.ಕಾನ್ಫ್ ಕಡತದಲ್ಲಿ ಇಡಬೇಕು.

ಓಪನ್‌ಬಿಎಸ್‌ಡಿಯಲ್ಲಿ ಕೆಲಸ ಇನ್ನೂ ಚೊಕ್ಕ. ಎಆರ್9271ಕ್ಕೆ 'ಎಟಿಎಚ್‌ಎನ್', ಹಳೆಯ ರಿಯಲ್‌ಟೆಕ್ ಚಿಪ್‌ಗಳಿಗೆ 'ಯುಆರ್‌ಟಿಡಬ್ಲ್ಯುಎನ್', ರಾಲಿಂಕ್‌ಗೆ 'ರನ್' ಡ್ರೈವರ್‌ಗಳಿವೆ. /ಇಟಿಸಿ ಕಡತಕೋಶದಲ್ಲಿ 'ಹೋಸ್ಟ್‌ನೇಮ್.' ಎಂಬುದರ ಮುಂದೆ ಸಾಧನದ ಹೆಸರು ಸೇರಿಸಿ ಒಂದು ಕಡತ ಮಾಡಿ, ಮೊದಲ ಸಾಲಿನಲ್ಲಿ 'ಜಾಯಿನ್' ವೈಫೈ ಹೆಸರು 'ಡಬ್ಲ್ಯುಪಿಎಕೀ' ಪಾಸ್‌ವರ್ಡ್ ಎಂದೂ ಎರಡನೆಯದರಲ್ಲಿ 'ಐನೆಟ್ ಆಟೋಕಾನ್ಫ್' ಎಂದೂ ಬರೆದರೆ ಸಾಕು. ಫರ್ಮ್‌ವೇರ್ ಬೇಕಾದ ಚಿಪ್‌ಗಳಿಗೆ 'ಎಫ್‌ಡಬ್ಲ್ಯು_ಅಪ್‌ಡೇಟ್' ಅದನ್ನು ಇಂಟರ್ನೆಟ್‌ನಿಂದ ತರುತ್ತದೆ. ಆಂಡ್ರಾಯ್ಡ್ ಟೆದರಿಂಗ್ ಇಲ್ಲಿಯೂ, ಫ್ರೀಬಿಎಸ್‌ಡಿಯಲ್ಲಿಯೂ ನಡೆಯುವುದರಿಂದ ಮೊದಲ ಸಲಕ್ಕೆ ಅದನ್ನೇ ಬಳಸಿಕೊಳ್ಳಿ. ಹೈಕುವಿನ ವೈಫೈ ಡ್ರೈವರ್‌ಗಳು ಬಿಎಸ್‌ಡಿಗಳಿಂದಲೇ ಬಂದವು. 2022ರ ಡಿಸೆಂಬರ್‌ನ ಬೀಟಾ 4ರಿಂದ ರಿಯಲ್‌ಟೆಕ್ ಮತ್ತು ರಾಲಿಂಕ್‌ನ ಕೆಲವು ಯುಎಸ್‌ಬಿ ಅಡಾಪ್ಟರ್‌ಗಳು ಅಲ್ಲಿಯೂ ನಡೆಯುತ್ತವೆ.

ಹೊಸದಾಗಿ ಕೊಳ್ಳುವವರಿಗೆ

ಇನ್ನೂ ಅಡಾಪ್ಟರ್ ಕೊಂಡಿಲ್ಲವಾದರೆ ಮೇಲಿನ ಮುಕ್ಕಾಲು ಶ್ರಮವನ್ನು ತಪ್ಪಿಸಿಕೊಳ್ಳಬಹುದು. ಲಿನಕ್ಸ್‌ಗೆಂದು ಕೊಳ್ಳುವವರು ಎಂಟಿ7612ಯು ಅಥವಾ ಎಂಟಿ7921ಎಯು ಇರುವುದನ್ನು ಹುಡುಕಿ, ಬಿಎಸ್‌ಡಿಗೆಂದು ಕೊಳ್ಳುವವರು ಆರ್‌ಟಿ5370 ಅಥವಾ 8188ಸಿಯು ಇರುವುದನ್ನು ಹುಡುಕಿ. 'ಎಸಿ1200' ಎಂಬ ಬರಹಕ್ಕೆ ಮರುಳಾಗಬೇಡಿ. ಅದು 300 ಮತ್ತು 867 ಮೆಗಾಬಿಟ್‌ಗಳನ್ನು ಕೂಡಿಸಿ ಮೇಲಕ್ಕೆ ದುಂಡಾಗಿಸಿದ ಸಂಖ್ಯೆ, ಅಡಾಪ್ಟರ್ ಒಂದು ಹೊತ್ತಿಗೆ ಅವುಗಳಲ್ಲಿ ಒಂದನ್ನೇ ಬಳಸುತ್ತದೆ, ಯುಎಸ್‌ಬಿ 2 ಪೋರ್ಟ್‌ನ ಮಿತಿಯೇ 480 ಮೆಗಾಬಿಟ್. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಅಂಗಡಿಯಲ್ಲೇ ಕೊಳ್ಳುವುದಾದರೆ ಲಿನಕ್ಸ್ ಇರುವ ಲ್ಯಾಪ್‌ಟಾಪ್ ಒಯ್ದು, ಹಣ ಕೊಡುವ ಮೊದಲು ಸಿಕ್ಕಿಸಿ, ಐಡಿ ನೋಡಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಅವಧಿಯನ್ನು ಮೊದಲೇ ಓದಿಕೊಂಡು, ಪೆಟ್ಟಿಗೆ ಬಂದ ದಿನವೇ 'ಎಲ್‌ಎಸ್‌ಯುಎಸ್‌ಬಿ' ಕೊಟ್ಟು ನೋಡಿ, ಆ ಎಂಟು ಅಕ್ಷರಗಳು ನೀವು ಬಯಸಿದ ಚಿಪ್ಪಿನದಲ್ಲದಿದ್ದರೆ ಅಂದೇ ವಾಪಸ್ ಕಳುಹಿಸಿ.